ಮುಳ್ಳಿನ ಕೆಲಸ

ನಮ್ಮ ಶಿರಿಯ ಶಾಲೆಯ ಬಾವಿನೀರು ಸೇದುವಾಗ ತಿಳಿ.
ಕೊಡದಲ್ಲಿ ಒಂದು ರಾತ್ರಿ ಕೂತರೆ
ಬೆಳಗಾಗುವಾಗ ಅಡಿಯಲ್ಲಿ ಕಾವಿಯ ಕೆಸರು.
ಮಕ್ಕಳ ಬಿಳಿ ಅಂಗಿಯೆಲ್ಲ ದೀಪಾವಳಿಯೊಳಗೆ
ಗೇರುಹಣ್ಣು ಹಿಂಡಿದ ಬಣ್ಣ.
ಅನ್ನವೂ ಹಾಗೆಯೇ.
ಕುಚ್ಚಲಕ್ಕಿಯದ್ದೇ ಕೆಂಪು ಮಾಷ್ಟ್ರೇ, ಎನ್ನುತ್ತಾಳೆ
ಅಡುಗೆಯ ಸುಗಂಧಿ.
ಹೂಂ ಎನ್ನುತ್ತೇನೆ.

ಇಪ್ಪತ್ತೊಂದು ವರ್ಷ ಕರಿಹಲಗೆಯಲ್ಲಿ
'ಅಧಿಶೋಷಣೆ' ಎಂದು ಬರೆದು ಅಡಿಗೆರೆ ಎಳೆದವನು ನಾನು.
ಹೀರುವುದು ಬೇರೆ, ಇದು ಬೇರೆ:
ಒಳಗೆ ಬಿಡದೆ, ಹೊರಮೈಯಲ್ಲೇ
ಹಿಡಿದಿಟ್ಟುಕೊಳ್ಳುವುದು. ಉದಾಹರಣೆ, ಇದ್ದಿಲು.
ಎರಡು ಅಂಕ.
ನಮ್ಮ ಮನೆಯಲ್ಲಿ ಕೆಲವರನ್ನು
ಜಗಲಿಯಲ್ಲೇ ಕೂರಿಸುತ್ತಿದ್ದರಲ್ಲ, ಹಾಗೆ,
ಎಂದು ಒಮ್ಮೆ ತಮಾಷೆ ಮಾಡಿದ್ದೆ.
ಮಕ್ಕಳು ನಕ್ಕಿದ್ದರು.
ಎಲ್ಲರೂ ಅಲ್ಲ.

ನಗದವಳು ಒಂಬತ್ತನೆಯ ಬಿ ವಿಭಾಗದ ಯಶಿಕಾ ಕರ್ಕೇರ.
ಅಜ್ಜಿ ಗುಲಾಬಿ ಉಪ್ಪಳ ಮಾರ್ಕೆಟ್ಟಿನಲ್ಲಿ
ಬೂತಾಯಿ, ಬಂಗುಡೆ, ಗಿರಾಕಿ ಕೇಳಿದರೆ ಅಂಜಲ್ ಕೊಯ್ದು ಕೊಡುವವಳು.
ತಲೆ ಬೆಕ್ಕಿಗೆ, ಕರುಳು ಕಾಗೆಗೆ, ನಡುಮುಳ್ಳು
ಯಾರಿಗೂ ಬೇಡ, ಚರಂಡಿಗೆ.
ಅದನ್ನು ಒಂದು ಗೋಣಿಯಷ್ಟು ಹೊತ್ತು ತಂದಳು ಹುಡುಗಿ.

ಕುದಿಸಿದಳು. ಉಜ್ಜಿದಳು. ತಗಡಿನ ಮೇಲೆ ಒಣಗಿಸಿದಳು.
ಆ ವಾರ ಶಾಲೆಯಲ್ಲಿ ಏಳು ಬೆಕ್ಕು.
ಹೆಡ್‌ಮಾಸ್ತರರ ಮೂಗಿನ ಮೇಲೆ ಕರವಸ್ತ್ರ,
ನನ್ನ ಮೂಗಿನ ಮೇಲೆ ಬರಿಯ ಅಭ್ಯಾಸ.
ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಜೇಡಿ ಮೆತ್ತಿ
ತೆಂಗಿನ ಗೆರಟೆಯ ಕೆಂಡದಲ್ಲಿ ಮೂರು ತಾಸು.
ಗಾಳಿ ಸಿಕ್ಕಿದರೆ ಬೂದಿ ಮಾಷ್ಟ್ರೇ,
ಸಿಗದಿದ್ದರೆ ಇದ್ದಿಲು.
ನಾನು ಕಲಿಸಿರಲಿಲ್ಲ ಇದನ್ನು.

ತೆಗೆದಾಗ ಕಪ್ಪು, ಹಗುರ,
ಅಂಗೈಯಲ್ಲಿಟ್ಟರೆ ಇಟ್ಟದ್ದೇ ತಿಳಿಯದಷ್ಟು.
ಕುಟ್ಟಿ, ಜರಡಿ ಹಿಡಿದು, ತಳ ಕೊಯ್ದ ಬಾಟಲಿಗೆ ತುಂಬಿ
ಮೇಲಿನಿಂದ ಬಾವಿನೀರು ಹೊಯ್ದಳು.
ಮೊದಲ ಲೋಟ ಮಸಿ. ಎರಡನೆಯದೂ.
ಐದನೆಯದನ್ನು ಕಿಟಕಿಯಲ್ಲಿಟ್ಟು ಹೋದೆವು.
ಮರುದಿನವೂ ಅಡಿಯಲ್ಲಿ ಏನಿಲ್ಲ.

ಕುಂಬಳೆಯ ಮೇಳದಲ್ಲಿ ತೀರ್ಪುಗಾರರು
ಮಲಯಾಳದಲ್ಲಿ ಕೇಳಿದರು, ಎಂದಾ ಇದು?
ಅಧಿಶೋಷಣೆ ಎಂಬ ನನ್ನ ಪದ
ಹುಡುಗಿಯ ಬಾಯಲ್ಲಿ ಒಮ್ಮೆ ತಿರುಗಿ ನಿಂತುಬಿಟ್ಟಿತು.
ಆಮೇಲೆ ಹೇಳಿದಳು: ಪಿಡಿಕ್ಕುಂ, ಸಾರ್.
ಅಜ್ಜಿಗೆ ತುಳುವಿನಲ್ಲಿ: ಪತ್ತುಂಡು.
ನನ್ನತ್ತ ನೋಡಿ: ಹಿಡಿಯುತ್ತದೆ.
ಬಹುಮಾನ ಸೋಲಾರ್ ರೈಲಿಗೆ ಹೋಯಿತು.

ಎಷ್ಟು ದಿನ ಹಿಡಿದೀತು? ಎಂದಳು ಗುಲಾಬಿ ವಾಪಸಾಗುವ ಬಸ್ಸಿನಲ್ಲಿ.
ತುಂಬುವವರೆಗೆ, ಆಮೇಲೆ ಬದಲಿಸಬೇಕು.
ಓ, ಮುಳ್ಳಿಗೂ ಹೊಟ್ಟೆಯುಂಟಾ, ಎಂದು
ಬುಟ್ಟಿಯ ಸಿಂಬಿ ಬಿಚ್ಚಿ ಮಡಿಸಿ
ಕಿಟಕಿಗೆ ತಲೆಯಿಟ್ಟು ನಿದ್ದೆಹೋದಳು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ.

ಸೋಮವಾರ ಸ್ಟಾಫ್ ರೂಮಿಗೆ ಬಂದಳು, ಕೈಯಲ್ಲಿ ಸ್ಟೀಲಿನ ಲೋಟ.
ಕುಡಿಯಿರಿ ಎನ್ನಲಿಲ್ಲ.
ನೋಡಿ, ಎಂದಳು.
ನೋಡಿದೆ.
ನನ್ನ ಅಂಗಿಯೊಳಗಿನ ದಾರ, ಅಮ್ಮನ ಅಡುಗೆಮನೆ,
ಮೀನಿನ ಬುಟ್ಟಿ ಬಂದರೆ ಮುಚ್ಚುತ್ತಿದ್ದ ಬಾಗಿಲು,
ಎಲ್ಲ ಲೋಟದ ಸುತ್ತ ನಿಂತವು.
ಒಂಬೈನೂರು ಡಿಗ್ರಿ ಕಂಡ ಮುಳ್ಳಿನಲ್ಲಿ ಮೀನು ಎಲ್ಲಿದೆ?
ಬಲ್ಲೆ. ಪಾಠ ಮಾಡಬಲ್ಲೆ.
ಅಲ್ಲಿಡು ಮಗಾ, ಆಮೇಲೆ, ಎಂದೆ.
ಅವಳು ಇಟ್ಟಳು.
ಮೇಜಿನ ಅಂಚಿನಲ್ಲಿ, ಜಗಲಿಯ ಹಾಗೆ.

ನಾಲ್ಕೂವರೆಗೆ ಗಂಟೆ ಹೊಡೆದು, ಬಾಗಿಲೆಲ್ಲ ಹಾಕಿ,
ಯಾರೂ ಇಲ್ಲದ್ದು ಖಾತ್ರಿ ಮಾಡಿ ಕುಡಿದೆ.
ಯಾವ ರುಚಿಯೂ ಇರಲಿಲ್ಲ. ಕಬ್ಬಿಣದ ಕಹಿಯೂ.
ನೀರು, ಅಷ್ಟೇ.

ಬೆಳಿಗ್ಗೆ ಖಾಲಿ ಲೋಟ ಕಂಡಳು.
ಬೋರಲಾಗಿ ಇಟ್ಟಿದ್ದೆ, ತೊಳೆದು.
ಕೇಳಲಿಲ್ಲ. ಹೇಳಲಿಲ್ಲ.
ಚೆಲ್ಲಿದರೆಂದುಕೊಂಡಳೋ ಏನೋ.

ಗಂಟಲಲ್ಲಿ ಮುಳ್ಳು ಸಿಕ್ಕಿದರೆ
ಜಗಿಯದೆ ನುಂಗಬೇಕಂತೆ ಒಂದು ಉಂಡೆ ಒಣ ಅನ್ನ,
ಗುಲಾಬಿ ಹೇಳಿದ್ದು.
ಜನ್ಮದಲ್ಲಿ ಮೀನು ತಿನ್ನದ ನಾನು
ಮಧ್ಯಾಹ್ನದ ಊಟಕ್ಕೆ ಕೂತು
ಸಾರು ಬೇಡವೆಂದು ಸುಗಂಧಿಗೆ ಕೈ ಅಡ್ಡ ಹಿಡಿಯುತ್ತೇನೆ.