ಮೂರು ಪಾಳಿ, ಒಂದು ಆಮಿ

ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋಗುವಾಗ
ಎರಿ ಹೊಲದ ನಡುವ ಒಂದು ರೇಲ್ವೆ ಗೇಟು,
ಗೇಟಿಗೊಂದು ಗುಮಟಿ, ಗುಮಟಿಗೊಂದು ಫೋನು,
ಫೋನಿನ ಕೆಳಗ, ಝಂಡೆ ಇಡೋ ಮೂಲ್ಯಾಗ,
ನಮ್ಮ ಆಮಿ.

ನಾಕು ವರ್ಷದ ಹಿಂದ, ಮೊದಲ ಮಳಿಗೂ ಮೊದಲ,
ಹಳಿ ನಡುವ ಸಿಕ್ಕೊಂಡಿತ್ತು.
ಹತ್ತಾಕ ಬರವಲ್ದು, ಇಳಿಯಾಕ ಬರವಲ್ದು.
ಎತ್ತಿದಾಂವ ಮೌಲಾಲಿ.
ಹಳ್ಳದ ದಂಡಿಗೆ ಬಿಟ್ಟು ಬಂದ್ರ ಮತ್ತ ಬಂತು. ಎರಡು ಸಲ.
ಮೂರನೇ ಸಲ ಬಿಡಾಕ ಯಾರೂ ಹೋಗಲಿಲ್ಲ.

ಬೆಳಿಗ್ಗೆ ಆರಕ್ಕ ನಾನು. ಮಧ್ಯಾಹ್ನ ಎರಡಕ್ಕ ತಿರಕಪ್ಪ.
ರಾತ್ರಿ ಹತ್ತಕ್ಕ ಮೌಲಾಲಿ.
ನಾ ಅದಕ್ಕ ಚಿಪ್ಪವ್ವ ಅಂತೀನಿ. ತಿರಕಪ್ಪ, ದೇಸಾಯರು.
ಮೌಲಾಲಿ ಕರಿಯೂದು ಗಾರ್ಡ್‌ಸಾಬ್ ಅಂತ:
ಎಲ್ಲಾ ಗಾಡಿ ಹ್ವಾದ ಮ್ಯಾಲೆ ಬರತೈತಲ್ಲ, ಅದಕ್ಕ.

ಮೂವರೂ ಕೂಡಿ ಕುಂದ್ರಾಕ ನಮಗ ವ್ಯಾಳ್ಯಾ ಇಲ್ಲ.
ರಿಜಿಸ್ಟರಿನ ಹಿಂದಿನ ಪುಟದಾಗ
ಪೆನ್ಸಿಲಿಲೆ ಬರದು ಮಾತಾಡತೀವಿ.
‘ನನ್ನ ಪಾಳ್ಯಾಗ ಹೊಲದ ಕಡೆ ನೋಡಕೋಂತ ಕುಂದರತೈತಿ. ಪಾಪ.
ಒಂದು ಜೋಡಿ ತರೂಣು. ಲೈನ ಡಬಲ್ ಆತು,
ಆಮಿ ಯಾಕ ಸಿಂಗಲ್?’ ಇದು ತಿರಕಪ್ಪ.
‘ನನ್ನ ಪಾಳ್ಯಾಗ ಗ್ವಾಡಿಗೆ ಮುಖ.
ಆದ್ರ ಎರಡಾದ್ರ ಎರಡೂ ಹಳಿಗೆ ಇಳೀತಾವು.
ಯಾವುದನ್ನ ಮೊದಲ ಎತ್ತೂದು?’ ಮೌಲಾಲಿ.
ನನ್ನ ಪಾಳ್ಯಾಗ ಅದು ನನ್ನ ಬುತ್ತಿ ಬಾಜೂ ಕುಂತು
ಹತ್ತರಕಿ ಸೊಪ್ಪು ತಿಂತಿತ್ತು, ಟೊಂಗಿ ಬಿಟ್ಟು, ಎಲಿ ಅಷ್ಟ.
ಬರೀಬೇಕಂದೆ. ಬರೀಲಿಲ್ಲ.
ಅವರಿಬ್ಬರೂ ಒಂಟಿ ಅಂದ್ರ ಒಂಟೀನ ಇರಬೇಕು.
‘ತರ್ರಿ’ ಅಂತ ಬರದೆ.

ಗಂಡೋ ಹೆಣ್ಣೋ ಗೊತ್ತಿಲ್ಲ.
ಹೊಟ್ಟಿ ತಗ್ಗಿದ್ರ ಗಂಡು, ಸಪಾಟಿದ್ರ ಹೆಣ್ಣು ಅಂತಾರ.
ಪಾಳಿ ಬದಲಾಗೂ ಹೊತ್ತಿಗೆ ತಿರಕಪ್ಪ, ನಾನು ಹೊಳ್ಳಿಸಿ ನೋಡಿದ್ವಿ.
ಬಿಸಲಿಗೆ ಹಿಡದ್ರ ತಗ್ಗು, ನೆಳ್ಳಿಗೆ ಹಿಡದ್ರ ಸಪಾಟು.
ಅಂಗೈ ಮ್ಯಾಲೆ ಉಚ್ಚಿ ಹೊಯ್ತು.
ಅದು ಉತ್ತರ ಅಂತ ನಮಗ ತಿಳೀಲಿಲ್ಲ.

ಶಿಗ್ಗಾಂವಿಯಿಂದ ಮೆಣಸಿನಕಾಯಿ ಚೀಲದಾಗ ಬಂತು ಇನ್ನೊಂದು,
ಎಂಟು ದಿನದ ಕರಾರಿನ ಮ್ಯಾಲೆ.
ಗುಮಟ್ಯಾಗಿನ ಮಂದಿ ಎಲ್ಲಾರೂ ಸೀನಿದ್ವಿ.
ಅವೆರಡು ಸೀನಲಿಲ್ಲ. ಒಂದನ್ನೊಂದು ನೋಡಲೂ ಇಲ್ಲ.
ಎರಡು ದಿನ ಆಕಿ ಸೊಪ್ಪು ಮುಟ್ಟಲಿಲ್ಲ.
ಮೂರನೇ ದಿನದಿಂದ ಸಪ್ಪಳ: ಟಕ್, ಟಕ್,
ಚಿಪ್ಪಿಗೆ ಚಿಪ್ಪು.
‘ಮಾತು ಹತ್ಯಾವು’ ಅಂತ ಬರದಾಂವ ತಿರಕಪ್ಪ.

ಆರನೇ ದಿನ, ಬೆಳಿಗ್ಗೆ ಆರೂ ಹತ್ತು.
ಮೌಲಾಲಿಯ ಸೈಕಲ್ ಚೈನಿನ ಸಪ್ಪಳ ಇನ್ನೂ ಕೇಳತಿತ್ತು.
ಮೂಲ್ಯಾಗ ಚಿಪ್ಪವ್ವ ಅಂಗಾತ,
ನಾಕೂ ಕಾಲು ಗಾಳಿಯೊಳಗ ಈಸತಿದ್ವು.
ಹೊಸದು ಬಾಜೂ ನಿಂತಿತ್ತು, ಏನೂ ಅರೀದವರಂಗ.
ಅದ ಹೊತ್ತಿಗೆ ಫೋನು. ಗೂಡ್ಸ್ ಬಿಟ್ಟಾರ.
ಒಂದು ಕೈ ಸಾಕಿತ್ತು, ಒಂದು ಸೆಕೆಂಡ್.
ಕೈ ಫೋನಿಗೆ ಹ್ವಾತು.
ನಂಬರ್ ಬರಕೊಂಡೆ. ಹ್ಯಾಂಡಲ್ ತಿರುವಿದೆ, ಗೇಟು ಇಳೀತು,
ಕೀಲಿ ಹಾಕಿ ಹಸರು ಝಂಡೆ ಹಿಡದು ನಿಂತೆ.
ಕಲ್ಲಿದ್ದಲಿನ ಐವತ್ತೆಂಟು ಡಬ್ಬಿ.
ಎಣಸಿದೆ. ಹಿಂದೆಂದೂ ಎಣಸಿದಾಕಿ ಅಲ್ಲ.

ಓಡಿ ಬಂದು ಹೊಳ್ಳಿಸಿ ಇಟ್ಟೆ.
ಭಾಳ ಹೊತ್ತು ತಲಿ ಹೊರಗ ಬರಲಿಲ್ಲ.

ಶಿಗ್ಗಾಂವಿದು ಶಿಗ್ಗಾಂವಿಗೆ ಹ್ವಾತು, ಅದ ಚೀಲದಾಗ.
ತಿರಕಪ್ಪ ಹಿಂದಿನ ಪುಟದಾಗ ಒಂದು ಗೆರಿ ಎಳದ, ಅಷ್ಟ.
ನಾ ಮೂಲಿ ಕಸ ಉಡಗಿದೆ.
ನನ್ನ ಹತ್ತರಕಿ ಟೊಂಗಿ. ಸೌತಿಕಾಯಿ ತುಂಬು, ತಿರಕಪ್ಪಂದು.
ಅವುಗಳ ಕೆಳಗ ಅರ್ಧ ಒಣಗಿದ ದಾಸಾಳ ಹೂ.
ದಾಸಾಳ ನಮ್ಮ ಗೇಟಿನಾಗ ಇಲ್ಲ.
ಮೌಲಾಲಿ ಎಲ್ಲಿಂದ ತರತಿದ್ದ, ರಾತ್ರಿ ಹೊತ್ತು,
ಎಷ್ಟು ದಿನದಿಂದ?

ಮರುದಿನ ಬೆಳಿಗ್ಗೆ ಆತ ಸಹಿ ಮಾಡಿದ, ಕೀಲಿ ಕೊಟ್ಟ,
ಸೈಕಲ್ ಹತ್ತಲಿಲ್ಲ.
‘ಗಾರ್ಡ್‌ಸಾಬ್ ರಾತ್ರಿ ಎರಡು ಸಲ ಬಾಗಲಾತನ ಬಂದು ಹ್ವಾದ್ರು’ ಅಂದ.
ಇಲ್ಲೆ ನನ್ನ ಕಾಲಿಗೆ ಒರಗಿ ಕುಂತಿತ್ತು ಅದು,
ಯಾರ ಕಡೇನೂ ನೋಡದ.
‘ಚಾ ಐತೇನು?’

ಗುಮಟ್ಯಾಗ ಲೋಟ ಒಂದ ಇತ್ತು.
ಅದನ್ನ ಆತಗ ಕೊಟ್ಟು
ನಾ ಮುಚ್ಚಳದಾಗ ಸುರುವಿಕೊಂಡೆ.