ನೆರಳು ಬಿಟ್ಟು

ಎಸ್.ಪಿ. ರೋಡಿನ ಅಡ್ಡಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ
ನನ್ನ ಅಂಗಡಿಗೆ
ಕಂಪ್ಯೂಟರನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ
ಹೆಗಲ ಮೇಲೆ ಹೊತ್ತು ತಂದರು ಚೌಡಪ್ಪನವರು.

ನಾಲ್ಕು ಸ್ಕ್ರೂ ಬಿಚ್ಚಿ ತಗಡು ಎಳೆದೆ.
ಒಳಗೆ ಧೂಳಲ್ಲ, ನೂಲು.
ಫ್ಯಾನಿನ ಕೊರಳಿಗೆ ಸುತ್ತಿಕೊಂಡ ರೇಷ್ಮೆ ಎಳೆ,
ರ‍್ಯಾಮಿನ ಹಲ್ಲಿಗೆ ಸಿಕ್ಕ ಜರಿಯ ಚೂರು.
"ಕಬ್ಬನ್‌ಪೇಟೆಯವರಾ?" ಅಂದೆ.
"ಹೆಂಗೆ ಗೊತ್ತಾಯ್ತು ಸಾಬ್ರೇ?"

ಆಟದ ಹೆಸರನ್ನು ಕನ್ನಡದಲ್ಲಿ ಬರೆದು ತಂದಿದ್ದರು,
ಅರ್ಧ ತಪ್ಪು. ಹೆಸರು ಏನಾದರೇನು,
ಒಂದು ಕುದುರೆ, ಮುಗಿಯದ ಬಯಲು, ಹಿಮದ ಬೆಟ್ಟ,
ಯಾರನ್ನೂ ಹೊಡೆಯದೆಯೂ ಎಲ್ಲಿಗಾದರೂ ಹೋಗಬಹುದು.
ಪಕ್ಕದ ಮನೆಯ ಮೊಬೈಲಿನಲ್ಲಿ ನೋಡಿದ್ದರಂತೆ.
"ಇದು ತಡ್ಕೊಳ್ಳತ್ತಾ? ಅಷ್ಟು ಹೇಳಿ ಸಾಕು."

ಅದೇ ಚೀಟಿಯ ಹಿಂದೆ ಲೆಕ್ಕ ಬರೆದೆ.
ರ‍್ಯಾಮ್ ಹದಿನಾರು ಬೇಕು, ಇರುವುದು ಎಂಟು.
ಗ್ರಾಫಿಕ್ಸ್ ಕಾರ್ಡಿನದೂ ಬೇಕಾದ್ದರಲ್ಲಿ ಅರ್ಧ.
ಪ್ರೊಸೆಸರು ಆರು ತಲೆಮಾರು ಹಿಂದಿನದು.
ಪವರ್ ಸಪ್ಲೈ ಮೇಲೆ ನಾನೂರೈವತ್ತು ವ್ಯಾಟ್ ಎಂದಿದೆ,
ಕೈಯಲ್ಲಿ ತೂಗಿದರೆ ಮುನ್ನೂರು ದಾಟುವುದಿಲ್ಲ
(ಈ ರಸ್ತೆಯಲ್ಲಿ ಸ್ಟಿಕ್ಕರಿಗೆ ನಾಲಿಗೆ ಉದ್ದ).
ಹಾರ್ಡ್ ಡಿಸ್ಕು ಸುತ್ತಿ ಸುತ್ತಿ ಹುಡುಕುವಂಥದ್ದು,
ಕುದುರೆ ಮುಂದೆ ಹೋದ ಮೇಲೆ ನೆಲ ಬರುತ್ತದೆ.
ಕೆಳಗೆ ದಪ್ಪಗೆ ಬರೆದೆ:
ಆಗಲ್ಲ.

ಅವರು ಚೀಟಿ ಓದಲಿಲ್ಲ.
ಓಡುತ್ತಿದ್ದ ಯಂತ್ರದ ಬೆನ್ನಿಗೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.
ನಲವತ್ತೊಂದು ವರ್ಷ ಪವರ್‌ಲೂಮ್ ರಿಪೇರಿ ಮಾಡಿದ ಕೈ.
ಲಾಳಿ ಬಡಿವ ಸದ್ದಿಗೆ ಎಡಗಿವಿ ಹೋಗಿ
ಕೈಯಲ್ಲೇ ಕೇಳುವುದು.
"ಹಿಂದಿನ ಫ್ಯಾನು ಕುಂಟ್ತಾ ಇದೆ. ಉಳಿದಿದ್ದು ಗಟ್ಟಿ."
ತಿರುಗಿಸಿ ನೋಡಿದೆ.
ಕುಂಟುತ್ತಿತ್ತು.

"ಮಗ್ಗಕ್ಕೆ ತಾಕತ್ತು ಸಾಲದಿದ್ರೆ ಸೀರೆ ನಿಲ್ಲಿಸ್ತೀವಾ?
ಬುಟ್ಟಾ ತೆಗೀತೀವಿ, ಸೆರಗು ಸಾದಾ ಮಾಡ್ತೀವಿ.
ಇದ್ರಲ್ಲಿ ಏನೇನು ತೆಗೀಬೋದು?"

ಇಪ್ಪತ್ತು ವರ್ಷದಲ್ಲಿ ಒಬ್ಬರೂ ಹೀಗೆ ಕೇಳಿಲ್ಲ,
ಎಲ್ಲರದೂ ಏನು ಹಾಕಬೇಕು, ಎಷ್ಟಾಗತ್ತೆ.
"ನೆರಳು ತೆಗೀಬಹುದು" ಅಂದೆ.
"ತೆಗೀರಿ. ಬಿಸಿಲಿಗೆ ನಾವೇನು ಹೊಸಬರಾ."
"ಹುಲ್ಲು?"
"ಕುದುರೆ ಮೇಯೋವಷ್ಟು ಬಿಡಿ."
"ನೀರಲ್ಲಿ ಕಾಣೋ ಆಕಾಶ."
"ಈ ಊರಿನ ಯಾವ ಕೆರೇಲಿ ಕಾಣತ್ತೆ? ತೆಗೀರಿ."
"ದೂರದ ಬೆಟ್ಟ ಮಂಜಾಗತ್ತೆ."

ಇದಕ್ಕೆ ತಡೆದರು.
ಹೊರಗೆ ತಳ್ಳುಗಾಡಿಯವನು ಮಾನಿಟರ್ ಪೆಟ್ಟಿಗೆ ಹೇರಿಕೊಂಡು
ಬೈಯುತ್ತಾ ದಾರಿ ಬಿಡಿಸಿಕೊಳ್ಳುತ್ತಿದ್ದ.
ಕನ್ನಡಕ ತೆಗೆದು ಗಲ್ಲಿಯ ತುದಿ ನೋಡಿದರು, ಮತ್ತೆ ಹಾಕಿಕೊಂಡರು.
"ನಂಗೆ ಅದು ಹೆಂಗೂ ಹಂಗೇ ಕಾಣೋದು. ಆಗ್ಲಿ."

ಫ್ಯಾನು ಬದಲಿಸಿದೆ, ನೂರ ಎಂಬತ್ತು.
ಯಾರೋ ಬಿಟ್ಟುಹೋಗಿದ್ದ ರ‍್ಯಾಮ್ ಕಡ್ಡಿಯೊಂದನ್ನು ಸಿಕ್ಕಿಸಿದೆ,
ಬಿಲ್ಲಿಗೆ ಬರೆಯಲಿಲ್ಲ.
ಆಟ ಇಳಿಯಲು ಇಡೀ ಮಧ್ಯಾಹ್ನ ಹಿಡಿಯಿತು,
ಅಷ್ಟರಲ್ಲಿ ಅವರು ನನ್ನ ಶಟರಿಗೆ ಎಣ್ಣೆ ಬಿಟ್ಟು
ಏಳು ವರ್ಷದ ಕಿರುಚಾಟ ನಿಲ್ಲಿಸಿದರು.

ಏಳು ಗಂಟೆಗೆ ಕುದುರೆ ಪರದೆಯ ಮೇಲೆ ನಿಂತಿತ್ತು,
ನೆರಳಿಲ್ಲದೆ, ಬಯಲಿಗೆ ಅಂಟಿಸಿದ ಹಾಗೆ.
ಮೂಲೆಯಲ್ಲಿ ಫ್ರೇಮಿನ ಲೆಕ್ಕ:
ಇಪ್ಪತ್ತನಾಲ್ಕು, ಇಪ್ಪತ್ತೆರಡು, ಹತ್ತೊಂಬತ್ತು, ಇಪ್ಪತ್ತಾರು.
ಮೂವತ್ತು ಮುಟ್ಟದ ಆಟಕ್ಕೆ ನಮ್ಮ ಹುಡುಗರು ಕೈ ಹಾಕುವುದಿಲ್ಲ.
ಅವರು ಒಂದೇ ಕೀ ಒತ್ತಿ ಹಿಡಿದರು.
ಕುದುರೆ ತಡವರಿಸಿತು, ಒಂದು ಕಾಲು ಗಾಳಿಯಲ್ಲೇ ಮರೆತು,
"ಹೊಸ ಹಾಸು ಹಾಕಿದಾಗ ಮೊದಲ ಗೇಣು ಹಿಂಗೇ" ಅಂದರು,
ಆಮೇಲೆ ನಡೆಯಿತು.

ಚೀಟಿಯನ್ನು ಎಳೆದುಕೊಂಡು
ನಾನು ಬರೆದ ಕೊನೆಯ ಪದದ ಕೊನೆಯ ಅಕ್ಷರ ಹೊಡೆದುಹಾಕಿದೆ.
ಉಳಿದದ್ದು: ಆಗ.
ಅವರು ಓದಿ "ಆಗ?" ಅಂದರು,
ಕಥೆಯ ಮುಂದಿನ ಭಾಗ ಕೇಳುವವರ ಹಾಗೆ.
ಬೆರಳು ಕೀ ಮೇಲೇ ಇತ್ತು.