ಕಂಡು, ಹಿಡಿದು

ಫೆಲಿಸಿಮೊ ತೊಪಾಸ್ನಾ ಶಾಲೆಯ ಬಸ್ಸು ಓಡಿಸುತ್ತಾನೆ.
ಗಡ್ಡ ದಟ್ಟವಾಗಿ ಬರುತ್ತದೆಂಬ ಒಂದೇ ಕಾರಣಕ್ಕೆ
ಹನ್ನೊಂದು ವರ್ಷದಿಂದ, ಪ್ರತಿ ಮಾರ್ಚಿನಲ್ಲಿ
ಉಮಾತಾಕ್ ಕೊಲ್ಲಿಗೆ ಬಂದಿಳಿಯುವ ಕಪ್ತಾನ ಅವನೇ.
ಡಬ್ಬಿ ತಗಡಿನ ಶಿರಸ್ತ್ರಾಣ, ಹೆಂಡತಿಯ ಬೂಟು,
ಮೀನಿನ ದೋಣಿಗೆ ಬೆಡ್‌ಶೀಟಿನ ಹಾಯಿ.

ಅವತ್ತು ಗುವಾಮಿಗೆಲ್ಲ ರಜೆ.
ಬ್ಯಾಂಕಿಗೆ ಬೀಗ. ದಡದಲ್ಲಿ ಕೆಂಪನ್ನ, ಸುಟ್ಟ ದೀವಿಹಲಸು, ಬಿಯರು.

ಆಟ ಎಲ್ಲರಿಗೂ ಬಾಯಿಪಾಠ:
ಹಡಗಿನವರು ಹಸಿದಿದ್ದರು,
ಹಾಯಿಕಂಬದ ಚರ್ಮ ನೆನೆಸಿ ತಿಂದಿದ್ದರು.
ಊರವರು ತೆಂಗು ತಂದರು, ಬಾಳೆ ತಂದರು.
ಕೊಟ್ಟವರು ಕೊಳ್ಳುವುದೂ ಉಂಟು ಅಲ್ಲಿ. ಅದಕ್ಕೇ
ಕಣ್ಣಿಗೆ ಚೆಂದ ಕಂಡ ಒಂದು ಪುಟ್ಟ ದೋಣಿ
ಬಿಚ್ಚಿಕೊಂಡು ಹೋದರು.
ಕಪ್ತಾನ ಇಳಿದ. ಮನೆ ಸುಟ್ಟ. ಏಳು ಜನರನ್ನು ಕೊಂದ.
ಹೊರಡುವಾಗ ಹೆಸರಿಟ್ಟ: ಕಳ್ಳರ ದ್ವೀಪ.

ಈ ಸಲ ಮೇಯರ್ ಕಚೇರಿಯಲ್ಲಿ ಸಭೆ.
ಅವನ ಹೆಸರಲ್ಲಿ ರಜೆ ಇರಬೇಕೆ, ಬೇಡವೆ?
‘ಅವನು ಬಾರದಿದ್ದರೆ ನಮಗೆ ಜಗತ್ತು ಗೊತ್ತಾಗುತ್ತಿತ್ತೆ?’
‘ಅಲ್ಲಿಯ ತನಕ ನಾವೇನು ಜಗತ್ತಿನ ಹೊರಗಿದ್ದೆವೆ?’
ಆಸ್ಪತ್ರೆಯ ರಾತ್ರಿ ಪಾಳಿಯ ಇಗ್ನಾಸಿಯಾ ಎದ್ದು,
‘ರಜೆ ಹೋದರೆ ನನ್ನ ದುಪ್ಪಟ್ಟು ಕೂಲಿ ಯಾರು ಕೊಡುತ್ತೀರಿ?’
ಯಾರೂ ನಗಲಿಲ್ಲ.
ಎಲೆಯಡಿಕೆ ಜಗಿಯುತ್ತಿದ್ದ ತಾನ್ ಎಂಗ್ರಾಸಿಯಾ
ಕಿಟಕಿಯಾಚೆ ಉಗುಳಿ ಬಂದು ಕೇಳಿದಳು:
‘ದೋಣಿ ಅವತ್ತೇ ವಾಪಸು ಹೋಯಿತಲ್ಲ?
ಮತ್ತೆ ಉಳಿದದ್ದು?’

ನನ್ನ ಕನ್ನಡದಲ್ಲಿ ಈ ಕೆಲಸಕ್ಕೆ
ಒಂದೇ ಉಸಿರಿನ ಪದವಿದೆ, ಕಂಡುಹಿಡಿ.
ಯಾರು, ಯಾವಾಗ, ಏನನ್ನು
ಎಂದು ಎರಡೆರಡು ಅಂಕಕ್ಕೆ ಬರೆದು ಪಾಸಾದವನು ನಾನು.
ಕಂಡ ಮೇಲೆ ಹಿಡಿಯಲೇಬೇಕೆ
ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ,
ಕೇಳಿದ್ದರೆ ನನಗೂ ಬರುತ್ತಿರಲಿಲ್ಲ.

ತಾಲೀಮಿನ ದಿನ, ಮೂರನೆಯ ಹೆಣದ ಪಾತ್ರಕ್ಕೆ
ಆರಿಸಿದ ಹುಡುಗ, ಎಂಗ್ರಾಸಿಯಾಳ ಮೊಮ್ಮಗ ಬೆಂಟು,
‘ಟೀಚರ್, ನನ್ನ ಹೆಸರೇನು?’ ಎಂದ.
ಟೀಚರು ಪುಸ್ತಕ ತಿರುವಿದರು.
ಕಪ್ತಾನನಿಗೆ ಹೆಸರಿದೆ. ಅವನ ಮೂರೂ ಹಡಗಿಗೆ ಇದೆ.
‘ನೀನು ಸುಮ್ಮನೆ ಬೀಳಪ್ಪ,’ ಎಂದರು.

ಸೋಮವಾರ ಪಟಾಕಿ ಸಿಡಿಯಿತು. ಆರು ಹುಡುಗರು ಬಿದ್ದರು.
ಬೆಂಟು ನಿಂತೇ ಇದ್ದ.
ಫೆಲಿಸಿಮೊ ಮತ್ತೆ ಗುರಿಯಿಟ್ಟ. ಮರದ ಕೋವಿ,
ಬಾಯಲ್ಲೇ ಢಂ ಎಂದ.
ಮೊಣಕಾಲ ತನಕ ನೀರು, ಹುಡುಗ ನಿಂತೇ ಇದ್ದ.
ದಡದಲ್ಲಿ ಯಾರೋ ಶಿಳ್ಳೆ ಹಾಕಿ ನಿಲ್ಲಿಸಿದರು.
ಕಪ್ತಾನ ತಗಡು ತೆಗೆದು ಬೆವರೊರೆಸಿಕೊಂಡ,
ಹಣೆಯ ಮೇಲೆ ಕೆಂಪು ಬರೆ,
ತಮ್ಮ ಮಾತಿನಲ್ಲಿ ಮೆಲ್ಲಗೆ ಕೇಳಿದ:
‘ಬೀಳೋ, ಬಿಸಿಲು. ಯಾರ ಮನೆಯವನೋ ನೀನು?’
ದಿನಾ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವವನೇ ಹೀಗೆ ಕೇಳಿದರೆ
ಹುಡುಗ ಏನು ಹೇಳಬೇಕು?

ರಜೆಯ ಪ್ರಶ್ನೆ ಮುಂದಿನ ಸಭೆಗೆ ಹೋಗಿದೆ.
ಮಂಗಳವಾರ ಬಸ್ಸು ಏಳಕ್ಕೇ ಬಂತು.
ಡ್ರೈವರಿಗೆ ಗಡ್ಡವಿರಲಿಲ್ಲ.